ಕಲಬುರಗಿ ಬಿಸಿಲಿಗೆ ಕಾರಿನ ಗಾಜಿನ ಫಿಲ್ಮ್: ಯಾವ ಗಾಜು ನಿಮ್ಮ ಕೈಗೆ, ಯಾವುದು ಕಸುಬುದಾರರ ಕೈಗೆ

ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಬೇಕಾಗುವ ಸೀಮೆ ನಮ್ಮದು. ಆ ಒಂದೂವರೆ ಗಂಟೆಗೆ ಕಚೇರಿಯಿಂದ ಹೊರಬಂದು ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆರೆದವರಿಗೆ ಸ್ಟೇರಿಂಗ್ ಮುಟ್ಟಲು ಆಗದ ಅನುಭವ ಹೊಸದಲ್ಲ. ತಾಪಮಾನ 42, 43 ಡಿಗ್ರಿ ದಾಟಿದಾಗ ಎಸಿ ಹಾಕಿದರೂ ಒಳಗೆ ತಂಪಾಗುವ ಹೊತ್ತಿಗೆ ಮನೆಯೇ ಬಂದಿರುತ್ತದೆ. ಆದ್ದರಿಂದ ಬೇಸಿಗೆ ಬಂತೆಂದರೆ ಕಾರಿಗೆ ಫಿಲ್ಮ್ ಹಾಕಿಸುವ ಮಾತು ಮನೆಮನೆಯಲ್ಲೂ ಏಳುತ್ತದೆ. ಅಂಗಡಿಯವರು ಹೇಳುವ ದರ ಕೇಳಿದ ಮೇಲೆ ನಾವೇ ಅಂಟಿಸಿಕೊಂಡರೆ ಆಗದೇ ಎಂಬ ಯೋಚನೆಯೂ ಬರುತ್ತದೆ.

ಆಗುತ್ತದೆ, ಆದರೆ ಎಲ್ಲ ಗಾಜಿಗೂ ಅಲ್ಲ. ಇಡೀ ಕಾರನ್ನು ಸ್ವಂತವಾಗಿ ಮಾಡುವುದೋ ಇಡೀ ಕಾರನ್ನು ಅಂಗಡಿಗೆ ಕೊಡುವುದೋ ಎಂದು ಕೇಳಿಕೊಂಡರೆ ಉತ್ತರ ಸರಿಯಾಗಿ ಸಿಗುವುದಿಲ್ಲ. ಒಂದೊಂದು ಗಾಜಿಗೂ ಬೇರೆ ತೀರ್ಮಾನ ಬೇಕು. ಬಾಗಿಲಿನ ಗಾಜುಗಳನ್ನು ತಾಳ್ಮೆಯಿರುವ ಯಾರಾದರೂ ಚೆನ್ನಾಗಿ ಮಾಡಬಹುದು. ಮುಂದಿನ ಮತ್ತು ಹಿಂದಿನ ದೊಡ್ಡ ಗಾಜುಗಳನ್ನು ಕಸುಬುದಾರರಿಗೆ ಬಿಡುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕಾನೂನು

ಫಿಲ್ಮ್ ಕೊಳ್ಳುವ ಮುಂಚೆ ಇದನ್ನು ಓದಿ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ. 50ರಷ್ಟು ಬೆಳಕು ಹಾಯಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಇನ್ನೂ ಬಿಗಿಯಾದ ತೀರ್ಪು ಕೊಟ್ಟಿತು. ಈ ಪ್ರಮಾಣ ಗಾಜು ತಯಾರಾಗುವಾಗಲೇ ಇರಬೇಕು, ಆಮೇಲೆ ಯಾವ ಪ್ರಮಾಣದ ಫಿಲ್ಮನ್ನೂ ಅಂಟಿಸುವಂತಿಲ್ಲ ಎಂದು ಹೇಳಿತು. ಊರೂರಿನ ಪೊಲೀಸರು ರಸ್ತೆಯಲ್ಲೇ ಕಾರು ನಿಲ್ಲಿಸಿ ಕಪ್ಪು ಫಿಲ್ಮ್ ಕೀಳಿಸಲು ಶುರುಮಾಡಿದ್ದು ಆಗಿನಿಂದ.

ಆಮೇಲೆ ನಿಯಮವೇ ಬದಲಾಯಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸೇಫ್ಟಿ ಗ್ಲಾಸ್ ಜೊತೆಗೆ ಸೇಫ್ಟಿ ಗ್ಲೇಜಿಂಗ್ ಎಂಬುದನ್ನೂ ಸೇರಿಸಲಾಯಿತು. ಐಎಸ್ 2553 ಭಾಗ 2 ಎಂಬ ಮಾನಕದ ಪ್ರಕಾರ, ಒಳಮೈಗೆ ಪ್ಲಾಸ್ಟಿಕ್ ಪದರ ಅಂಟಿಸಿದ ಗಾಜು ಕೂಡ ಈ ವರ್ಗಕ್ಕೆ ಸೇರುತ್ತದೆ. ಇದನ್ನೇ ಆಧರಿಸಿ 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, 70 ಮತ್ತು 50ರ ಮಿತಿಯೊಳಗಿನ ಫಿಲ್ಮ್‌ಗೆ ದಂಡ ಹಾಕುವಂತಿಲ್ಲ ಎಂದಿತು. ನಿಯಮ ಕೇಂದ್ರದ್ದಾದರೂ ತೀರ್ಪು ಕೇರಳದ್ದು. ನಮ್ಮ ರಸ್ತೆಯಲ್ಲಿ ನಿಂತ ಪೊಲೀಸರು ಅದನ್ನು ಹಾಗೆಯೇ ಒಪ್ಪುತ್ತಾರೆಂದು ಎಣಿಸಿಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ ದಂಡವಿದೆ. ದಂಡಕ್ಕಿಂತ ದೊಡ್ಡ ನಷ್ಟವೆಂದರೆ ಹಣ ಕೊಟ್ಟು ಹಾಕಿಸಿದ ಫಿಲ್ಮ್ ರಸ್ತೆಬದಿಯಲ್ಲಿ ಹರಿದುಹೋಗುವುದು. ನಮ್ಮವರು ಮದುವೆಗೆ, ಆಸ್ಪತ್ರೆಗೆ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತಲೇ ಇರುತ್ತಾರೆ. ಗಡಿ ದಾಟಿದರೆ ಅಲ್ಲಿಯ ಪೊಲೀಸರ ಕಣ್ಣೂ ಇರುತ್ತದೆ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲು ನಿಮ್ಮೂರಿನ ಸಂಚಾರ ಠಾಣೆಯಲ್ಲೋ ಆರ್‌ಟಿಒ ಕಚೇರಿಯಲ್ಲೋ ಒಂದು ಮಾತು ಕೇಳಿ. ಮಿತಿ ಮೀರಿದ ಕಪ್ಪು ಫಿಲ್ಮ್‌ಗೆ ಈ ಲೇಖನದಲ್ಲಿ ಜಾಗವಿಲ್ಲ. ರಾತ್ರಿ ಹೊತ್ತು ಜೇವರ್ಗಿ ರಸ್ತೆಯಲ್ಲಿ ಹಿಂಬದಿ ದೀಪವೇ ಇಲ್ಲದ ಟ್ರ್ಯಾಕ್ಟರ್‌ಗಳ ನಡುವೆ ಕಪ್ಪು ಗಾಜಿನ ಕಾರು ಓಡಿಸುವುದು ಪ್ರಾಣದ ಜೊತೆ ಆಟ.

ಲೆಕ್ಕ ಒಂದನ್ನು ತಪ್ಪದೆ ಮಾಡಿ

ಫಿಲ್ಮ್ ಮೇಲೆ 70 ಎಂದು ಬರೆದಿದ್ದರೆ ಕಾರಿನ ಗಾಜು 70 ಆಯಿತೆಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಕಾರ್ಖಾನೆಯಿಂದ ಬಂದ ಗಾಜು ತಾನೇ ಒಂದಿಷ್ಟು ಬೆಳಕು ತಡೆಯುತ್ತದೆ, ಅದರ ಮೇಲೆ ಫಿಲ್ಮ್ ಇನ್ನಷ್ಟು ತಡೆಯುತ್ತದೆ. ಎರಡನ್ನೂ ಗುಣಿಸಬೇಕು. ಬಾಗಿಲಿನ ಗಾಜು ಶೇ. 75 ಬೆಳಕು ಬಿಡುತ್ತಿದ್ದು ಅದಕ್ಕೆ ಶೇ. 70ರ ಫಿಲ್ಮ್ ಹಾಕಿದರೆ ಒಟ್ಟು 52.5. ಕಾನೂನಿನ ಗಡಿಯೊಳಗೆ ಬಂದಿತು. ಅದೇ ಫಿಲ್ಮನ್ನು ಶೇ. 70 ಬಿಡುವ ಹಸಿರು ಛಾಯೆಯ ಗಾಜಿಗೆ ಹಾಕಿದರೆ 49. ಗಡಿ ತಪ್ಪಿತು. ಮುಂದಿನ ಗಾಜಿಗೆ 70 ಉಳಿಯಬೇಕೆಂದರೆ 90ರ ಆಸುಪಾಸಿನ, ಕಣ್ಣಿಗೆ ಕಾಣದಷ್ಟು ತಿಳಿಯಾದ ಫಿಲ್ಮೇ ಬೇಕು, ಅದೂ ಗಾಜು ತಾನೇ 78ಕ್ಕಿಂತ ಕಡಿಮೆ ಇಲ್ಲದಿದ್ದರೆ ಮಾತ್ರ. ಹಿಂದಿನ ಗಾಜಿಗೂ ಇದೇ ಲೆಕ್ಕ. ಈ ಬೆಳಕಿನ ಪ್ರಮಾಣವನ್ನು ವಿಎಲ್‌ಟಿ ಎನ್ನುತ್ತಾರೆ. ಅಳೆಯುವ ಸಣ್ಣ ಮೀಟರ್ ಒಳ್ಳೆಯ ಅಂಗಡಿಗಳಲ್ಲಿ ಇರುತ್ತದೆ. ನೀವೇ ಅಂಟಿಸುವವರಾದರೂ ಮೊದಲು ಅಂಥ ಅಂಗಡಿಗೆ ಹೋಗಿ ಬರಿಗಾಜನ್ನು ಅಳೆಸಿಕೊಂಡು ಬನ್ನಿ.

ಕಪ್ಪೆಂದರೆ ತಂಪಲ್ಲ

ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಉಳಿದದ್ದರಲ್ಲಿ ಬಹುಪಾಲು ಬೆಳಕು, ಸ್ವಲ್ಪ ಅಲ್ಟ್ರಾವಯಲೆಟ್. ಗಾಜು ಕಪ್ಪಾದರೆ ಬೆಳಕಷ್ಟೇ ಕಡಿಮೆಯಾಗುತ್ತದೆ, ಇನ್‌ಫ್ರಾರೆಡ್ ಒಳಗೆ ಬರುತ್ತಲೇ ಇರಬಹುದು. ನಮ್ಮ ಕಡೆ ಕೂಲಿಂಗ್ ಪೇಪರ್ ಎಂದು ಮಾರುವ ಅಗ್ಗದ ಸರಕಿನಲ್ಲಿ ಹೆಚ್ಚಿನದು ಬಣ್ಣ ಹಾಕಿದ ಹಾಳೆ. ಅದು ಬಿಸಿಲನ್ನು ಹೀರಿ ತಾನೂ ಕಾಯುತ್ತದೆ, ಗಾಜನ್ನೂ ಕಾಯಿಸುತ್ತದೆ, ಆ ಕಾವು ಮುಖಕ್ಕೇ ಬಡಿಯುತ್ತದೆ. ಒಂದೆರಡು ಬೇಸಿಗೆ ಕಳೆಯುವುದರೊಳಗೆ ನೇರಳೆ ಬಣ್ಣಕ್ಕೆ ತಿರುಗಿ, ಗುಳ್ಳೆ ಎದ್ದು ನಿಲ್ಲುತ್ತದೆ. ಸಂತೆಗೆ ಬಂದ ಹಳೆಯ ಜೀಪುಗಳ ಹಿಂದಿನ ಗಾಜಿನಲ್ಲಿ ಈ ನೇರಳೆ ಬಣ್ಣ ನೋಡಿರುತ್ತೀರಿ.

ಲೋಹದ ಪದರವಿರುವ ಫಿಲ್ಮ್ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಆದರೆ ಮೊಬೈಲ್, ಜಿಪಿಎಸ್ ಸಂಕೇತಗಳಿಗೆ ಅಡ್ಡಿ ಮಾಡುತ್ತದೆ. ಕಾರ್ಬನ್ ಫಿಲ್ಮ್‌ಗೆ ಆ ತೊಂದರೆಯಿಲ್ಲ, ಬಣ್ಣವೂ ಬೇಗ ಮಾಸುವುದಿಲ್ಲ. ಸೆರಾಮಿಕ್ ಫಿಲ್ಮ್ ತಿಳಿಯಾಗಿದ್ದುಕೊಂಡೇ ಇನ್‌ಫ್ರಾರೆಡ್ ತಡೆಯುತ್ತದೆ. ನಮ್ಮ ಬಿಸಿಲಿಗೂ ನಮ್ಮ ಕಾನೂನಿಗೂ ಒಗ್ಗುವುದು ಇದೊಂದೇ. ಬೆಲೆ ಹೆಚ್ಚು. ಹಣ ಸಾಲದಿದ್ದರೆ ಇಡೀ ಕಾರಿಗೆ ಅಗ್ಗದ ಫಿಲ್ಮ್ ಹಾಕುವ ಬದಲು ಬಾಗಿಲಿನ ನಾಲ್ಕು ಗಾಜಿಗೆ ಮಾತ್ರ ಸೆರಾಮಿಕ್ ಹಾಕಿ ಉಳಿದದ್ದನ್ನು ಬಿಡಿ ಎನ್ನುತ್ತೇನೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಮುಂದಿನ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು, ಅಲ್ಟ್ರಾವಯಲೆಟ್ ಕಿರಣಗಳನ್ನು ಅದು ತಾನೇ ಬಹುತೇಕ ತಡೆಯುತ್ತದೆ. ಬಾಗಿಲಿನ ಗಾಜು ಸಾಮಾನ್ಯವಾಗಿ ಹಾಗಲ್ಲ. ದಿನವಿಡೀ ಕಾರು ಓಡಿಸುವವರ ಬಲಗೈ ಎಡಗೈಗಿಂತ ಹೆಚ್ಚು ಕಪ್ಪಾಗುವುದು ಇದರಿಂದಲೇ.

ಅಂಗಡಿಯಲ್ಲಿ ಒಂದು ಕೆಂಪು ಬಲ್ಬಿನ ಮುಂದೆ ಫಿಲ್ಮ್ ಹಿಡಿದು, "ಕೈ ಇಟ್ಟು ನೋಡಿ ಸಾಹೇಬರೇ, ಕಾವೇ ಇಲ್ಲ" ಎನ್ನುತ್ತಾರೆ. ಆ ಬಲ್ಬಿನಿಂದ ಹೊರಡುವುದು ಬಹುತೇಕ ಇನ್‌ಫ್ರಾರೆಡ್ ಮಾತ್ರ, ಬಿಸಿಲು ಹಾಗಿರುವುದಿಲ್ಲ. ಶೇ. 97 ಇನ್‌ಫ್ರಾರೆಡ್ ತಡೆ ಎಂಬ ದೊಡ್ಡ ಅಕ್ಷರಗಳೂ ಎಷ್ಟೋ ಸಲ ಇನ್‌ಫ್ರಾರೆಡ್‌ನ ಒಂದು ಸಣ್ಣ ಪಟ್ಟಿಗಷ್ಟೇ ಅಳೆದ ಅಂಕಿ. ನೀವು ಕೇಳಬೇಕಾದ್ದು ಟಿಎಸ್‌ಇಆರ್, ಅಂದರೆ ಬಿಸಿಲಿನ ಒಟ್ಟು ಶಕ್ತಿಯಲ್ಲಿ ಎಷ್ಟನ್ನು ತಡೆಯುತ್ತದೆ ಎಂಬ ಅಂಕಿ. ಶೇ. 70ರ ತಿಳಿ ಫಿಲ್ಮ್‌ಗೆ ಇದು 40ರಿಂದ 50ರ ಆಸುಪಾಸಿದ್ದರೆ ಒಳ್ಳೆಯ ಸರಕು. ಆ ಅಂಕಿ ಗೊತ್ತಿಲ್ಲ ಎನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ. ಇಂಥ ಫಿಲ್ಮ್ ತಯಾರಿಸುವ ಗರ್ವಾರೆ ಕಂಪನಿಯ ಕಾರ್ಖಾನೆ ಪಕ್ಕದ ಮರಾಠವಾಡದ ಛತ್ರಪತಿ ಸಂಭಾಜಿನಗರದಲ್ಲೇ (ಹಿಂದಿನ ಔರಂಗಾಬಾದ್) ಇದೆ. ವಿದೇಶದ ಹೆಸರಿಗೇ ಜೋತುಬೀಳಬೇಕಿಲ್ಲ.

ಯಾವ ಫಿಲ್ಮ್ ಹಾಕಿದರೂ ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರು ಕಾಯುತ್ತದೆ. ಫಿಲ್ಮ್‌ನಿಂದ ಆಗುವ ಲಾಭವೆಂದರೆ ನಿಧಾನವಾಗಿ ಕಾಯುವುದು, ಎಸಿ ಬೇಗ ಹಿಡಿತಕ್ಕೆ ಬರುವುದು, ಓಡಿಸುವಾಗ ಮೈಗೆ ಚುರುಕು ಮುಟ್ಟದಿರುವುದು. ನಿಲ್ಲಿಸಿದಾಗ ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿ ಬಣ್ಣದ ಮರೆ ಇಡುವ ಅಭ್ಯಾಸವನ್ನು ಬಿಡಬೇಡಿ.

ಕಸುಬುದಾರರಿಗೇ ಬಿಡಬೇಕಾದ ಗಾಜುಗಳು

ಹಿಂದಿನ ಗಾಜು ಎರಡೂ ದಿಕ್ಕಿಗೆ ಬಾಗಿರುತ್ತದೆ. ಚಪ್ಪಟೆ ಹಾಳೆಯನ್ನು ಅದರ ಮೇಲೆ ಹಾಸಿದರೆ ಮೇಲಂಚು, ಕೆಳಂಚುಗಳಲ್ಲಿ ನೆರಿಗೆ ಏಳುತ್ತವೆ. ಅವನ್ನು ಬಿಸಿಗಾಳಿ ಊದುವ ಹೀಟ್ ಗನ್‌ನಿಂದ ಕುಗ್ಗಿಸಿ ಗಾಜಿನ ಆಕಾರಕ್ಕೆ ತರಬೇಕು. ಫಿಲ್ಮ್ ಸುರುಳಿಯ ಉದ್ದದ ದಿಕ್ಕಿಗೆ ಚೆನ್ನಾಗಿ ಕುಗ್ಗುತ್ತದೆ, ಅಡ್ಡಕ್ಕೆ ಕುಗ್ಗುವುದು ತೀರಾ ಕಡಿಮೆ. ಹಾಸುವ ದಿಕ್ಕು ತಪ್ಪಿದರೆ ಎಷ್ಟು ಕಾಯಿಸಿದರೂ ನೆರಿಗೆ ಹೋಗದು. ಹೆಚ್ಚು ಕಾಯಿಸಿದರೆ ಫಿಲ್ಮ್ ಸುಟ್ಟು ಮುದುಡುತ್ತದೆ, ಗಾಜೂ ಒಡೆಯಬಹುದು. ಜೊತೆಗೆ ಒಳಮೈಯಲ್ಲಿ ಗಾಜಿನ ಮಂಜು ಆರಿಸುವ ಡಿಫಾಗರ್ ಗೆರೆಗಳಿವೆ. ಹಳೆಯ ಫಿಲ್ಮ್ ಕೀಳುವಾಗ ಬ್ಲೇಡ್ ತಾಗಿದರೆ ಗೆರೆ ತುಂಡಾಗುತ್ತದೆ, ಮಳೆಗಾಲದಲ್ಲಿ ಹಿಂದೆ ಕಾಣುವುದೇ ನಿಲ್ಲುತ್ತದೆ.

ಮುಂದಿನ ಗಾಜಿನಲ್ಲಿ ಫಾಸ್ಟ್ಯಾಗ್ ಇದೆ. ಅದನ್ನು ಕಿತ್ತರೆ ಮತ್ತೆ ಕೆಲಸ ಮಾಡದಂತೆ ತಯಾರಿಸಲಾಗಿದೆ, ಆದ್ದರಿಂದ ಹೊಸದು ತೆಗೆದುಕೊಳ್ಳಬೇಕು. ಲೋಹದ ಫಿಲ್ಮ್ ಆದರೆ ಟೋಲ್‌ನಲ್ಲಿ ಅದು ಓದಿಸಿಕೊಳ್ಳುವುದೂ ಅನುಮಾನ. ಈಚಿನ ಕಾರುಗಳಲ್ಲಿ ಕನ್ನಡಿಯ ಹಿಂದೆ ಕ್ಯಾಮೆರಾ, ಮಳೆ ಸೆನ್ಸರ್ ಕೂತಿರುತ್ತವೆ. ಡ್ಯಾಶ್‌ಬೋರ್ಡಿಗೆ ನೀರಿಳಿದರೆ ಸಾವಿರಗಟ್ಟಲೆ ರಿಪೇರಿ. ಎದುರಿನ ದೀಪ ಬಿದ್ದಾಗ ಕಣ್ಣೆದುರೇ ಒಂದು ಗುಳ್ಳೆ ಮಿನುಗುತ್ತಿದ್ದರೆ ರಾತ್ರಿ ಪ್ರಯಾಣ ಅಪಾಯಕಾರಿ. ಇಲ್ಲಿ ಹಣ ಉಳಿಸಲು ಹೋಗಬೇಡಿ.

ಬಾಗಿಲಿನ ಗಾಜು: ನೀವೇ ಮಾಡುವ ಬಗೆ

ದಿನ ಮತ್ತು ಜಾಗ ಮೊದಲು ಆರಿಸಿ. ನಮ್ಮಲ್ಲಿ ಇದಕ್ಕೆ ಒಳ್ಳೆಯ ಕಾಲ ಮಳೆ ನಿಂತ ಮೇಲೆ ಫೆಬ್ರುವರಿಯವರೆಗೆ. ಬೇಸಿಗೆ ಗಾಳಿ ಎದ್ದ ಮೇಲೆ ಧೂಳು ಎಲ್ಲಿಂದಲೋ ಬಂದು ಅಂಟಿನ ಮೇಲೆ ಕೂರುತ್ತದೆ. ಕಾದ ಗಾಜಿನ ಮೇಲೆ ಸೋಪು ನೀರು ಆರಿಹೋಗಿ, ಹಾಳೆಯನ್ನು ಸರಿಸಿ ಕೂರಿಸಲು ಅವಕಾಶವೇ ಸಿಗುವುದಿಲ್ಲ. ಏಪ್ರಿಲ್‌ನಲ್ಲೇ ಮಾಡಬೇಕೆಂದಿದ್ದರೆ ನಸುಕಿನಲ್ಲಿ ಶುರುಮಾಡಿ ಎಂಟರೊಳಗೆ ಮುಗಿಸಿ. ಮೂರು ಕಡೆ ಗೋಡೆಯಿರುವ ಪೋರ್ಚ್ ಸಾಕು, ಶಟರ್ ಇರುವ ಗ್ಯಾರೇಜ್ ಸಿಕ್ಕರೆ ಇನ್ನೂ ಒಳ್ಳೆಯದು. ಶಹಾಬಾದ ಕಲ್ಲಿನ ಹಾಸಿದ್ದರೆ ಗುಡಿಸಲು ಹೋಗಬೇಡಿ, ನೀರು ಹಾಕಿ ತೊಳೆದು ಒದ್ದೆಯಾಗಿಯೇ ಬಿಡಿ. ನೆಲ ಒದ್ದೆಯಾಗಿದ್ದರೆ ಕಾಲಿನ ಧೂಳು ಮೇಲೇಳುವುದಿಲ್ಲ. ಫ್ಯಾನ್ ಬೇಡ. ಉಣ್ಣೆಯ, ನೂಲು ಉದುರುವ ಬಟ್ಟೆ ಹಾಕಿಕೊಳ್ಳಬೇಡಿ.

ಬೇಕಾದ ಸಾಮಾನು ಹೆಚ್ಚಿಲ್ಲ. ತುದಿ ಮುರಿದು ಹೊಸದು ಮಾಡಿಕೊಳ್ಳುವ ಕಟ್ಟರ್, ಸ್ಪ್ರೇ ಬಾಟಲಿ ಎರಡು, ನೀರು ಎಳೆದು ತೆಗೆಯುವ ರಬ್ಬರ್ ಅಂಚಿನ ಸ್ಕ್ವೀಜಿ ಒಂದು, ಅಂಚು ಮೂಲೆಗೆ ಗಟ್ಟಿ ಪ್ಲಾಸ್ಟಿಕ್ ಕಾರ್ಡ್ ಒಂದು, ಗಾಜು ಕೆರೆಯುವ ಬ್ಲೇಡ್ ಹಿಡಿ, ನೂಲು ಬಿಡದ ಮೈಕ್ರೋಫೈಬರ್ ಬಟ್ಟೆ, ಪಾರದರ್ಶಕ ಟೇಪ್, ಹೀಟ್ ಗನ್, ದಪ್ಪ ಟವೆಲ್‌ಗಳು. ಕಟ್ಟರಿನ ಬ್ಲೇಡಿನಲ್ಲಿ ಜಿಪುಣತನ ಬೇಡ. ಒಂದೊಂದು ಗಾಜಿಗೂ ಹೊಸ ತುದಿ ಮುರಿಯಿರಿ. ಮೊಂಡು ಬ್ಲೇಡ್ ಫಿಲ್ಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ.

ನೀರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಪೊರೆ ನೋಡಿದರೆ ಇದು ಗೊತ್ತಾಗುತ್ತದೆ. ಆ ನೀರನ್ನೇ ಬಳಸಿದರೆ ಆರಿದ ಮೇಲೆ ಗಾಜಿಗೂ ಫಿಲ್ಮಿಗೂ ನಡುವೆ ಅದೇ ಬಿಳಿ ಕಲೆ ಉಳಿದುಬಿಡುತ್ತದೆ, ಒರೆಸಲು ದಾರಿಯೇ ಇಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಇಲ್ಲವೇ ಮನೆಯ ಆರ್‌ಒ ನೀರು ಹಿಡಿಯಿರಿ. ಲೀಟರಿಗೆ ಏಳೆಂಟು ಹನಿ ಬೇಬಿ ಶಾಂಪೂ ಸಾಕು. ಬೆರಳಿಗೆ ಹಚ್ಚಿ ಉಜ್ಜಿದರೆ ಜಾರಬೇಕು, ನೊರೆ ಮಾತ್ರ ತುಂಬಿಕೊಳ್ಳಬಾರದು. ಶಾಂಪೂ ಕಡಿಮೆಯಾದರೆ ಫಿಲ್ಮ್ ಮುಟ್ಟಿದಲ್ಲೇ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಅಂಟು ಹಿಡಿಯಲು ತಡವಾಗುತ್ತದೆ.

ಕಾರನ್ನು ಹೊರಗೆ ತೊಳೆದು ತನ್ನಿ. ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿ ಕಡೆ ದಿನಾ ಓಡಾಡುವ ಕಾರಾದರೆ, ಹೊಲದ ಎರೆಮಣ್ಣಿನ ದಾರಿಯಲ್ಲಿ ಇಳಿದ ಕಾರಾದರೆ, ಗಾಜಿನ ಸುತ್ತಲಿನ ರಬ್ಬರಿನ ಸಂದಿಯಲ್ಲಿ ಪುಡಿ ತುಂಬಿಕೊಂಡಿರುತ್ತದೆ. ಅದನ್ನು ಊದಬೇಡಿ. ಒದ್ದೆ ಬ್ರಷ್‌ನಿಂದ ತೆಗೆದು, ಬಟ್ಟೆಯಿಂದ ಒರೆಸಿ. ಕೆಳಗಿನ ರಬ್ಬರ್ ಪಟ್ಟಿಯನ್ನು ಕಾರ್ಡಿನಿಂದ ಸ್ವಲ್ಪ ಹಿಂದಕ್ಕೆ ಹಿಡಿದು ಅದರ ಒಳಗಡೆಯೂ ಒರೆಸಿ. ಫಿಲ್ಮ್ ಕೆಳಗೆ ಬಂದು ಕೂರುವ ಕಸದಲ್ಲಿ ಬಹುಪಾಲು ಇಲ್ಲಿಂದಲೇ ಬರುತ್ತದೆ. ಆಮೇಲೆ ಬಾಗಿಲಿನ ಒಳಮೈಗೆ ಟವೆಲ್ ಹಾಸಿ ಟೇಪ್ ಹಚ್ಚಿ, ಕಿಟಕಿಯ ಸ್ವಿಚ್ಚುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಸ್ವಿಚ್ಚಿಗೆ ನೀರು ಇಳಿದರೆ ಉಳಿಸಿದ ಹಣ ಅಲ್ಲಿಗೇ ಹೋಗುತ್ತದೆ.

ಹಳೆಯ ಫಿಲ್ಮ್ ಇದ್ದರೆ ಹೊರಗಿನಿಂದ ಗಾಜನ್ನು ಬೆಚ್ಚಗೆ ಮಾಡಿ, ಒಂದು ಮೂಲೆ ಎಬ್ಬಿಸಿ, ನಿಧಾನವಾಗಿ ಎಳೆಯಿರಿ. ಬೇಗ ಎಳೆದರೆ ಹಾಳೆ ಬಂದು ಅಂಟು ಗಾಜಿನಲ್ಲೇ ಉಳಿಯುತ್ತದೆ. ಉಳಿದ ಅಂಟಿಗೆ ಸೋಪು ನೀರು ಹೊಡೆದು ನೆನೆಯಲು ಬಿಟ್ಟು, ಬ್ಲೇಡ್ ಹಿಡಿಯಿಂದ ಒಂದೇ ದಿಕ್ಕಿಗೆ ಕೆರೆಯಿರಿ. ಹೊಸ ಗಾಜಾದರೂ ಒಮ್ಮೆ ಕೆರೆಯಲೇಬೇಕು. ಕೈಗೆ ನುಣುಪಾಗಿದೆ ಎನಿಸಿದ ಗಾಜಿನಲ್ಲೂ ಬ್ಲೇಡ್ ಸಣ್ಣದಾಗಿ ಕಿರ್ ಎನ್ನುತ್ತದೆ. ಆ ಸದ್ದು ಎಲ್ಲೂ ಬಾರದಂತಾದಾಗ ಗಾಜು ಶುದ್ಧವಾಗಿದೆ. ಕೊನೆಗೆ ನೀರು ಹೊಡೆದು ಸ್ಕ್ವೀಜಿಯಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಅದಾದ ಮೇಲೆ ಬಟ್ಟೆಯಿಂದ ಒರೆಸಬೇಡಿ, ನೂಲು ಉಳಿಯುತ್ತದೆ.

ಈಗ ಅಳತೆ. ಗಾಜಿನ ಹೊರಮೈಗೆ ಸೋಪು ನೀರು ಹೊಡೆದು ಫಿಲ್ಮನ್ನು ಅಲ್ಲಿ ಹಾಸಿ. ಅಂಟಿನ ಮೇಲಿನ ತೆಳು ರಕ್ಷಣಾ ಹಾಳೆ ನಿಮ್ಮ ಕಡೆ ಇರಬೇಕು. ಯಾವ ಬದಿ ಎಂದು ತಿಳಿಯದಿದ್ದರೆ ಒಂದು ಮೂಲೆಯ ಎರಡೂ ಬದಿಗೆ ಟೇಪ್ ತುಂಡು ಅಂಟಿಸಿ ಬಿಡಿಸಿ ನೋಡಿ. ಕಳಚಿ ಬರುವ ಹಾಳೆಯ ಬದಿಯೇ ಅಂಟಿನ ಬದಿ. ಎಡಬಲ ಒಂದು ಸೆಂಟಿಮೀಟರ್, ಕೆಳಗೆ ಎರಡು ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ. ಆಮೇಲೆ ಗಾಜನ್ನು ಎರಡು ಬೆರಳಷ್ಟು ಕೆಳಗಿಳಿಸಿ, ಮೇಲಂಚನ್ನು ಗಾಜಿನ ಅಂಚಿನ ಆಕಾರಕ್ಕೇ ಕತ್ತರಿಸಿ, ಎರಡು ಮೂರು ಮಿಲಿಮೀಟರ್ ಕೆಳಗೆ ಸರಿಸಿಕೊಳ್ಳಿ. ಫಿಲ್ಮ್ ಗಾಜಿನ ಅಂಚಿಗೆ ಸಮನಾಗಿದ್ದರೆ ಕಿಟಕಿ ಏರಿಳಿಯುವಾಗ ಉಜ್ಜಿ ಸುಲಿಯುತ್ತದೆ. ಎಡಬಲ ಬಿಟ್ಟ ಹೆಚ್ಚುವರಿಯಲ್ಲಿ ರಬ್ಬರಿನೊಳಗೆ ಸೇರುವಷ್ಟನ್ನು ಉಳಿಸಿ ಮಿಕ್ಕದ್ದನ್ನು ಸವರಿ. ಕಟ್ಟರನ್ನು ಹಗುರವಾಗಿ ಹಿಡಿಯಿರಿ, ಗಾಜಿನಿಂದ ಜಾರಿ ಬಾಗಿಲಿನ ಪೇಂಟಿಗೆ ಹೋದರೆ ಗೀರು ಬೀಳುತ್ತದೆ. ಬಾಗಿದ ಗಾಜಾಗಿ ನೆರಿಗೆ ಎದ್ದರೆ ಇಲ್ಲೇ, ಹೊರಗಡೆಯೇ, ಹೀಟ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಕುಗ್ಗಿಸಿ ಕಾರ್ಡಿನಿಂದ ಒತ್ತಿ.

ಅಂಟಿಸುವಾಗ ಇನ್ನೊಬ್ಬರು ಇರಲಿ. ಒಬ್ಬರು ಹಾಳೆ ಹಿಡಿಯಬೇಕು, ಇನ್ನೊಬ್ಬರು ರಕ್ಷಣಾ ಹಾಳೆ ಬಿಡಿಸುತ್ತಾ ಅಂಟಿನ ಮೇಲೆ ನೀರು ಹೊಡೆಯುತ್ತಿರಬೇಕು. ಒಣಗಿದ ಅಂಟಿನ ಎರಡು ಭಾಗಗಳು ಒಂದಕ್ಕೊಂದು ತಾಗಿದರೆ ಆ ತುಂಡು ಕೆಟ್ಟಂತೆಯೇ. ಗಾಜಿನ ಒಳಮೈಯನ್ನೂ ನಿಮ್ಮ ಬೆರಳುಗಳನ್ನೂ ಚೆನ್ನಾಗಿ ನೆನೆಸಿ. ಮೊದಲು ಮೇಲಿನ ಮುಕ್ಕಾಲು ಭಾಗದ ರಕ್ಷಣಾ ಹಾಳೆ ಮಾತ್ರ ತೆಗೆಯಿರಿ. ಗಾಜು ಇನ್ನೂ ಎರಡು ಬೆರಳು ಕೆಳಗಿರುವಾಗಲೇ ಮೇಲಂಚು ಹೊಂದಿಸಿ, ಎಡಬಲ ನೋಡಿ, ಮಧ್ಯದಲ್ಲಿ ಒಮ್ಮೆ ಸ್ಕ್ವೀಜಿ ಎಳೆದು ನಿಲ್ಲಿಸಿ.

ಈಗ ಗಾಜನ್ನು ನಿಧಾನವಾಗಿ ಪೂರ್ತಿ ಏರಿಸಿ. ಕೆಳಗೆ ಉಳಿದ ರಕ್ಷಣಾ ಹಾಳೆ ಬಿಡಿಸಿ, ನೀರು ಹೊಡೆಯಿರಿ. ಕೆಳಗಿನ ರಬ್ಬರ್ ಪಟ್ಟಿಯನ್ನು ಎಡಗೈಯ ಕಾರ್ಡಿನಿಂದ ಹಿಂದಕ್ಕೆ ಒತ್ತಿ ಹಿಡಿದು, ಬಲಗೈಯಿಂದ ಫಿಲ್ಮಿನ ಕೆಳಂಚನ್ನು ಒಂದು ಮೂಲೆಯಿಂದ ಶುರುಮಾಡಿ ಇಂಚಿಂಚಾಗಿ ಒಳಗೆ ಇಳಿಸುತ್ತಾ ಹೋಗಿ. ಮಧ್ಯಕ್ಕೆ ಬಂದಾಗ ಹಾಳೆ ಉಬ್ಬುತ್ತದೆ. ಗಾಬರಿಯಿಂದ ಒತ್ತಿದರೆ ಅಲ್ಲಿ ಮಡಿಕೆ ಬೀಳುತ್ತದೆ, ಬಿದ್ದ ಮಡಿಕೆಯನ್ನು ಯಾವ ಉಪಾಯದಿಂದಲೂ ತೆಗೆಯಲು ಬಾರದು. ಉಬ್ಬಿದ ಕಡೆ ಮತ್ತಷ್ಟು ನೀರು ಹೊಡೆದು, ಹಾಳೆಯನ್ನು ಗಾಜಿನಿಂದ ಒಂದಿಷ್ಟು ಎತ್ತಿ, ಮತ್ತೆ ಬಿಡಿ. ತಾನೇ ಸರಿದು ಕೂರುತ್ತದೆ. ಇಡೀ ಕೆಲಸದಲ್ಲಿ ಕೈ ನಡುಗುವ ಜಾಗ ಇದೊಂದೇ.

ಕೂತ ಮೇಲೆ ಫಿಲ್ಮಿನ ಮೇಲೂ ನೀರು ಹೊಡೆದು, ಮಧ್ಯದಿಂದ ಹೊರಕ್ಕೆ, ಒಂದು ಎಳೆತದ ಅಂಚಿನ ಮೇಲೆ ಇನ್ನೊಂದು ಬರುವಂತೆ ಸ್ಕ್ವೀಜಿ ಎಳೆಯಿರಿ. ಮೊದಲು ಹಗುರವಾಗಿ, ಆಮೇಲೆ ಬಲವಾಗಿ. ಕೊನೆಗೆ ಕಾರ್ಡಿಗೆ ಬಟ್ಟೆ ಸುತ್ತಿ ಅಂಚುಗಳನ್ನು ಒತ್ತಿ ನೀರು ಹೀರಿಸಿ. ಅಂಚಿನಲ್ಲಿ ಉಳಿದ ನೀರು ಒಳಕ್ಕೆ ಹರಿದು ಫಿಲ್ಮನ್ನು ಎಬ್ಬಿಸುತ್ತದೆ. ಒಂದೆರಡು ಧೂಳಿನ ಕಣ ಒಳಗೆ ಸಿಕ್ಕಿಕೊಂಡರೆ ಬಿಟ್ಟುಬಿಡಿ. ಒಂದು ಕಣಕ್ಕಾಗಿ ಹಾಳೆ ಎತ್ತಿದರೆ ನಾಲ್ಕು ಸೇರುತ್ತವೆ.

ಇದನ್ನೆಲ್ಲ ಕಾರಿನ ಮೇಲೆ ಮಾಡುವ ಮೊದಲು ಮನೆಯ ಕಿಟಕಿಯ ಗಾಜಿನ ಮೇಲೆ ಅಗ್ಗದ ಫಿಲ್ಮ್ ತುಂಡು ಹಾಕಿ ಅಭ್ಯಾಸ ಮಾಡಿ. ಕಾರಿನಲ್ಲೂ ಹಿಂದಿನ ಬಾಗಿಲಿನಿಂದ ಶುರುಮಾಡಿ. ಚಾಲಕನ ಬದಿಯ ಗಾಜನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಕೈ ಪಳಗಿರುತ್ತದೆ. ಒಂದು ಗಾಜಿಗಾಗುವಷ್ಟು ಫಿಲ್ಮ್ ಹೆಚ್ಚಿಗೆ ಕೊಳ್ಳಿ. ಹಾಳಾದರೆ ಮತ್ತೆ ಅದೇ ಛಾಯೆಯ ಸರಕು ಸಿಗುತ್ತದೆಂಬ ಖಾತ್ರಿ ಇಲ್ಲ.

ಅಂಗಡಿ ಆರಿಸುವುದು ಹೇಗೆ

ಮುಂದಿನ, ಹಿಂದಿನ ಗಾಜಿಗಾಗಲಿ, ಪುರುಸೊತ್ತಿಲ್ಲದೆ ಇಡೀ ಕಾರಿಗಾಗಲಿ ಅಂಗಡಿಗೆ ಹೋಗುವುದಾದರೆ ಮೊದಲು ಬರಿಗೈಯಲ್ಲಿ ಹೋಗಿ ಇನ್ನೊಬ್ಬರ ಕಾರಿಗೆ ಫಿಲ್ಮ್ ಹಾಕುವುದನ್ನು ನಿಂತು ನೋಡಿ. ರಸ್ತೆಬದಿಯ ಮರದ ಕೆಳಗೆ, ಬಸ್ಸು ಲಾರಿಗಳ ಧೂಳಿನಲ್ಲಿ ಮಾಡುತ್ತಿದ್ದರೆ ಅಲ್ಲಿಂದ ಹೊರಡಿ. ಮುಚ್ಚಿದ ಕೋಣೆ ಇದೆಯೇ, ನೆಲಕ್ಕೆ ನೀರು ಹಾಕಿದ್ದಾರೆಯೇ, ಸೀಟು ಡ್ಯಾಶ್‌ಬೋರ್ಡುಗಳಿಗೆ ಮರೆ ಮುಚ್ಚಿದ್ದಾರೆಯೇ, ಒಂದು ಗಾಜಿನಿಂದ ಇನ್ನೊಂದಕ್ಕೆ ಹೋಗುವಾಗ ಬ್ಲೇಡ್ ಬದಲಿಸುತ್ತಾರೆಯೇ ನೋಡಿ. ಹಿಂದಿನ ಗಾಜನ್ನು ಎರಡು ಮೂರು ತುಂಡು ಸೇರಿಸಿ ಮುಗಿಸುವವರು ಕುಗ್ಗಿಸುವ ವಿದ್ಯೆ ಬಾರದವರು.

ಮಾಲೀಕರ ಮಾತಿಗಿಂತ ಅಂಟಿಸುವ ಹುಡುಗರ ಕೈ ಮುಖ್ಯ. "ನನ್ನ ಕಾರಿಗೆ ಯಾರು ಹಾಕುತ್ತಾರೆ ಅಣ್ಣಾ, ಅವರು ಮಾಡಿದ ಕಾರು ಒಂದು ತೋರಿಸಿ" ಎಂದು ಕೇಳಲು ಸಂಕೋಚಪಡಬೇಡಿ. ಒಳ್ಳೆಯ ಕೆಲಸಗಾರನಿಗೆ ಹಾಗೆ ಕೇಳಿದರೆ ಹೆಮ್ಮೆಯೇ. ಬಾಗಿಲಿನ ಗಾಜನ್ನು ಅರ್ಧ ಇಳಿಸಿ ಮೇಲಂಚು ನೋಡಿ. ಒಂದೇ ಸಮನಾದ ಸಣ್ಣ ಗೆರೆ ಬಿಟ್ಟು ನೇರವಾಗಿ ಸಾಗಿದ್ದರೆ ಆ ಕೈಯನ್ನು ನಂಬಬಹುದು.

ದರ ಕೇಳುವಾಗ ಗಾಜುವಾರು ಕೇಳಿ. ಹಳೆಯ ಫಿಲ್ಮ್ ಕೀಳುವ ಕೂಲಿ ಸೇರಿದೆಯೋ ಇಲ್ಲವೋ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಫಿಲ್ಮಿನ ಪೆಟ್ಟಿಗೆ ನಿಮ್ಮ ಎದುರೇ ತೆರೆಯಲಿ, ಸುರುಳಿಯ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ. ಬಿಲ್ಲಿನಲ್ಲಿ ಕಂಪನಿಯ ಹೆಸರು, ಫಿಲ್ಮಿನ ಮಾದರಿ, ವಿಎಲ್‌ಟಿ, ವಾರಂಟಿಯ ವರ್ಷ, ಕಾರಿನ ನಂಬರ್ ಬರೆಸಿ. ಬಾಯಿಮಾತಿನ ಲೈಫ್‌ಟೈಮ್ ವಾರಂಟಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಂಪನಿಯ ಕಡೆಯಿಂದ ನಿಮ್ಮ ಹೆಸರಿನಲ್ಲಿ ಬರುವ ವಾರಂಟಿ ಕಾರ್ಡ್ ಒಂದೇ ಮುಂದೆ ಕೆಲಸಕ್ಕೆ ಬರುವುದು. ಕೆಲಸ ಮುಗಿದ ಮೇಲೆ ಮೀಟರ್ ಇಟ್ಟು ಗಾಜು ಅಳೆಸಿ, ಅಂಕಿಯನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಆ ಬಿಲ್ಲು, ಕಂಪನಿಯ ಪ್ರಮಾಣಪತ್ರ ಆರ್‌ಸಿ ಜೊತೆಗೇ ಕಾರಿನಲ್ಲಿರಲಿ. ಪೊಲೀಸರು ನಿಲ್ಲಿಸಿದರೆ ವಾದಕ್ಕಿಂತ ಆ ಕಾಗದ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೀದರ್, ಯಾದಗಿರಿಯ ಕೆಲವರು ಇದಕ್ಕಾಗಿ ಹೈದರಾಬಾದಿಗೇ ಹೋಗುತ್ತಾರೆ. ದೊಡ್ಡ ಊರಿನಲ್ಲಿ ಆಯ್ಕೆ ಹೆಚ್ಚು ನಿಜ. ಆದರೆ ವಾರದ ಮೇಲೆ ಒಂದು ಮೂಲೆ ಎದ್ದರೆ ಅದನ್ನು ಕೂರಿಸಲು ಮತ್ತೆ ಅಷ್ಟು ದೂರ ಹೋಗಬೇಕಾಗುತ್ತದೆ. ನಿಮ್ಮೂರಿನಲ್ಲೇ ಒಳ್ಳೆಯ ಕೈ ಇದ್ದರೆ ಅವರಿಗೇ ಕೊಡಿ.

ಹಾಕಿದ ಮೇಲೆ

ಬೇಸಿಗೆಯಲ್ಲಾದರೆ ಮೂರು ದಿನ, ಚಳಿಗಾಲದಲ್ಲಾದರೆ ಒಂದು ವಾರ ಕಿಟಕಿ ಇಳಿಸಬಾರದು. ಮರೆತು ಒತ್ತದಿರಲೆಂದು ಸ್ವಿಚ್ಚುಗಳ ಮೇಲೆ ಟೇಪ್ ಅಂಟಿಸಿ. ಮಕ್ಕಳಿರುವ ಮನೆಯಲ್ಲಿ ಕಿಟಕಿ ಲಾಕ್ ಒತ್ತಿಡಿ. ಟೋಲ್‌ನಲ್ಲಿ, ಪೆಟ್ರೋಲ್ ಬಂಕ್‌ನಲ್ಲಿ ಬಾಗಿಲು ತೆರೆದೇ ಮಾತಾಡಿ. ಮೊದಲ ಕೆಲವು ದಿನ ಗಾಜು ಮಂಜು ಕವಿದಂತೆ ಕಾಣುತ್ತದೆ, ಅಲ್ಲಲ್ಲಿ ನೀರಿನ ಸಣ್ಣ ಗುಳ್ಳೆಗಳೂ ಇರುತ್ತವೆ. ನೀರು ಆರಿದಂತೆ ಅವು ತಾವೇ ಹೋಗುತ್ತವೆ, ಸೂಜಿಯಿಂದ ಚುಚ್ಚಬೇಡಿ. ಒಂದು ತಿಂಗಳಾದರೂ ಉಳಿದದ್ದು ಗಾಳಿಯ ಗುಳ್ಳೆ. ಅಂಗಡಿಯಲ್ಲಿ ಹಾಕಿಸಿದ್ದರೆ ಆಗ ವಾಪಸು ಹೋಗಿ ಬದಲಿಸಿಕೊಡಲು ಹೇಳಿ. ಒಳಗಿನಿಂದ ಗಾಜು ಒರೆಸಲು ಅಮೋನಿಯಾ ಇರುವ ಗಾಜಿನ ಕ್ಲೀನರ್ ಬೇಡ, ಅದು ಫಿಲ್ಮನ್ನು ತಿನ್ನುತ್ತದೆ. ಒದ್ದೆ ಮೈಕ್ರೋಫೈಬರ್ ಬಟ್ಟೆಯೇ ಸಾಕು, ಅದೂ ಮೊದಲ ತಿಂಗಳು ಮುಗಿದ ಮೇಲೆ.